ಕರೆಯ ಬದಿಯ ಅರ್ಧ ಮೀಟರು

ಪತ್ರಿಕೋದ್ಯಮ ಓದುವ ಮಕ್ಕಳ ಮುಂದೆ ನಿಲ್ಲಿಸಿ, ಕ್ರೀಡಾ ವರದಿಗಾರಿಕೆಯ ಬಗ್ಗೆ ಒಂದು ಗಂಟೆ ಮಾತಾಡಿ ಎಂದರೆ ನಾನು ಭಾಷಣಕ್ಕೆ ಹೊರಡುವುದಿಲ್ಲ. ಬೋರ್ಡಿನ ಮೇಲೆ ಎರಡು ಅಂಕಿ ಬರೆಯುತ್ತೇನೆ. 142.5, ಅದರ ಕೆಳಗೆ 13.62. ಮೇಲಿನದು ಮೀಟರು, ಕೆಳಗಿನದು ಸೆಕೆಂಡು. ನೂರು ಮೀಟರಿಗೆ ಎಷ್ಟಾಯಿತು ಹೇಳಿ ನೋಡುವ ಎನ್ನುತ್ತೇನೆ. ಮೊಬೈಲುಗಳು ಹೊರಬರುತ್ತವೆ, 9.55 ಎಂದು ಯಾರೋ ಹೇಳುತ್ತಾರೆ, ಅದರ ಬೆನ್ನಿಗೇ ಹಿಂದಿನ ಬೆಂಚಿನಿಂದ 'ಉಸೇನ್ ಬೋಲ್ಟ್' ಎಂಬ ಕೂಗು ಬರುತ್ತದೆ. ನಮ್ಮ ಜಿಲ್ಲೆಯ ಮಕ್ಕಳಿಗೆ ಈ ಲೆಕ್ಕ ಮಗ್ಗಿಯ ಹಾಗೆ ಬಾಯಿಗೆ ಬರುತ್ತದೆ.

ಈಗ ಕರೆಯ, ಅಂದರೆ ಕಂಬಳದ ಕೋಣಗಳು ಓಡುವ ಕೆಸರಿನ ದಾರಿಯ, ಉದ್ದ ಅಳೆದವರು ಅರ್ಧ ಮೀಟರು ತಪ್ಪಿದ್ದರು ಎಂದುಕೊಳ್ಳಿ, 142.5 ತೆಗೆದು 142 ಹಾಕಿ ಎನ್ನುತ್ತೇನೆ. ಉತ್ತರ 9.59. ಬೋಲ್ಟ್‌ನ ವಿಶ್ವದಾಖಲೆ 9.58. ಅಲ್ಲಿಗೆ ತರಗತಿ ತಣ್ಣಗಾಗುತ್ತದೆ. ಕೆಸರು ತುಂಬಿದ ಕರೆಯಲ್ಲಿ ಅರ್ಧ ಮೀಟರು ಎಂದರೆ ಒಂದು ಕೋಣದ ಕುತ್ತಿಗೆಯಷ್ಟೂ ಉದ್ದವಿಲ್ಲ. ಅಷ್ಟು ಸಣ್ಣ ಜಾಗದಲ್ಲಿ ದೇಶವಿದೇಶ ಸುತ್ತಿಬಂದ ಒಂದು ಶೀರ್ಷಿಕೆ ಮುಳುಗಿಹೋಗುತ್ತದೆ. ಇನ್ನೂ ಒಂದು ಕಿಡಿಗೇಡಿತನವಿದೆ. 142.5ನ್ನೇ ಇಟ್ಟುಕೊಂಡು ಸರಿಯಾಗಿ ಭಾಗಿಸಿದರೂ ಬರುವುದು 9.557 ಚಿಲ್ಲರೆ. ಅಥ್ಲೆಟಿಕ್ಸಿನಲ್ಲಿ ಚಿಲ್ಲರೆಯನ್ನು ಮೇಲಕ್ಕೆ ಏರಿಸುವುದು ನಿಯಮ, ಹಾಗಾಗಿ ಅದು 9.56. ಚಿಲ್ಲರೆ ಕತ್ತರಿಸಿ 9.55 ಮಾಡಿದ ಕೈ ಯಾವುದೋ, ಅದನ್ನು ತಿರುಗಿ ನೋಡದೆ ನಕಲಿಸಿದ ಕೈಗಳು ಮಾತ್ರ ಲೆಕ್ಕವಿಲ್ಲದಷ್ಟು.

ಕತೆ ಮರೆತವರಿಗಾಗಿ ಚುಟುಕಾಗಿ ಹೇಳುತ್ತೇನೆ. 2020ರ ಫೆಬ್ರವರಿ 1ರಂದು ಐಕಳದ ಕಾಂತಾಬಾರೆ ಬೂದಾಬಾರೆ ಜೋಡುಕರೆ ಕಂಬಳದಲ್ಲಿ ಮೂಡುಬಿದಿರೆ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಊರಿನಲ್ಲಿ ಅದು ಒಳ್ಳೆಯ ಓಟ, ಅಷ್ಟೇ ಆಗಿತ್ತು. ಕಂಬಳ ನೋಡುವವರು ಅಂಥ ಓಟಗಳನ್ನು ನೆನಪಿಟ್ಟುಕೊಂಡು ಮುಂದಿನ ಶನಿವಾರಕ್ಕೆ ಕಾಯುತ್ತಾರೆ. ಸುಮಾರು ಎರಡು ವಾರ ಕಳೆದ ಮೇಲೆ ಯಾರೋ ಮಾಡಿದ ಭಾಗಾಕಾರ ಟ್ವಿಟರಿಗೆ ಹತ್ತಿತು. ಉದ್ಯಮಿ ಆನಂದ್ ಮಹೀಂದ್ರಾ ಬರೆದರು, ಆಗಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ತರಬೇತುದಾರರ ಮುಂದೆ ಪರೀಕ್ಷೆಗೆ ಕರೆಸುವುದಾಗಿ ಬರೆದರು, ವಿದೇಶಿ ವಾಹಿನಿಗಳೂ ಕೆಸರಿನಲ್ಲಿ ಓಡುವ ಆ ವಿಡಿಯೊ ಹಾಕಿದವು. ಗದ್ದಲ ಇಳಿಯುವ ಮುಂಚೆಯೇ ಬೆಳ್ತಂಗಡಿ ತಾಲ್ಲೂಕಿನ ವೇಣೂರಿನಲ್ಲಿ ಬಜಗೋಳಿ ಜೋಗಿಬೆಟ್ಟಿನ ನಿಶಾಂತ್ ಶೆಟ್ಟಿಯವರು 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಗಿಸಿದರು. ಮತ್ತೆ ಭಾಗಾಕಾರ: 9.51. ಒಂದೇ ತಿಂಗಳಲ್ಲಿ ನಮ್ಮ ಗದ್ದೆಗಳಲ್ಲಿ ಇಬ್ಬರು ಬೋಲ್ಟರು!

ಈ ಲೆಕ್ಕ ಎಲ್ಲಿ ಎಡವುತ್ತದೆ ಎನ್ನುವುದನ್ನು ಬೋಲ್ಟ್‌ನ ಓಟದಿಂದಲೇ ತೋರಿಸಬಹುದು. 2009ರ ಆಗಸ್ಟ್ 16ರಂದು ಬರ್ಲಿನ್‌ನಲ್ಲಿ ಅವನು 9.58 ಓಡಿದಾಗ ಮೊದಲ 20 ಮೀಟರಿಗೆ ತಗಲಿದ್ದು 2.89 ಸೆಕೆಂಡು. ಅರವತ್ತರಿಂದ ಎಂಬತ್ತನೆಯ ಮೀಟರಿನ ನಡುವಿನ 20 ಮೀಟರಿಗೆ 1.61 ಸೆಕೆಂಡು ಮಾತ್ರ. ನೂರು ಮೀಟರೆಂದರೆ ನಿಂತಲ್ಲಿಂದ ಎದ್ದು ವೇಗ ಹಿಡಿಯುವ ಕಷ್ಟವೂ ಸೇರಿದ ನೂರು ಮೀಟರು. ಗುಂಡಿನ ಸದ್ದು ಕೇಳಿ ಕಾಲು ಅಲುಗಲು ಹಿಡಿದ 0.146 ಸೆಕೆಂಡೂ ಆ 9.58ರ ಒಳಗೇ ಇದೆ. ಓಟ ಉದ್ದವಾದ ಹಾಗೆ ಈ ಆರಂಭದ ನಷ್ಟ ಹಂಚಿಹೋಗುತ್ತದೆ. ಅದೇ ವರ್ಷ ಮೇ ತಿಂಗಳಲ್ಲಿ ಮ್ಯಾಂಚೆಸ್ಟರಿನ ಬೀದಿಯಲ್ಲಿ ಹಾಸಿದ್ದ ಟ್ರ್ಯಾಕಿನ ಮೇಲೆ ಅವನು 150 ಮೀಟರನ್ನು 14.35 ಸೆಕೆಂಡಿನಲ್ಲಿ ಓಡಿದ. ನಮ್ಮ ಹಾಗೆ ಭಾಗಿಸಿದರೆ 9.56 ಚಿಲ್ಲರೆ, ಅಂದರೆ ಬೋಲ್ಟ್ ತನ್ನ ದಾಖಲೆಯನ್ನು ತಾನೇ ಮುರಿದ ಹಾಗಾಯಿತು! ಆ ಓಟದ ಕೊನೆಯ ನೂರು ಮೀಟರು 8.70 ಸೆಕೆಂಡು. ಅದನ್ನು ನೂರು ಮೀಟರಿನ ವಿಶ್ವದಾಖಲೆ ಎಂದು ಯಾವ ಕ್ರೀಡಾ ಸಂಪಾದಕನೂ ಬರೆಯಲಿಲ್ಲ, ಏಕೆಂದರೆ ಅದು ವೇಗ ಹಿಡಿದಾದ ಮೇಲಿನ ನೂರು.

ಇನ್ನು ಕಂಬಳದಲ್ಲಿ ಓಡಿಸುವವನ ಮುಂದೆ ಎರಡು ಕೋಣಗಳಿವೆ, ಅವನ ಕೈ ಹಗ್ಗದ ಮೇಲೋ ನೇಗಿಲಿನ ಮೇಲೋ ಇದೆ. ಅವು ಎಳೆಯುತ್ತವೆ, ಇವನು ಆ ಎಳೆತಕ್ಕೆ ಕಾಲು ಕೂಡಿಸುತ್ತಾನೆ. ಎಳೆತಕ್ಕೆ ಸರಿಯಾಗಿ ಕಾಲು ಕೂಡಿಸುವುದು ಅದ್ಭುತವಾದ ವಿದ್ಯೆ, ಬೋಲ್ಟ್‌ಗೆ ಬಾರದ ವಿದ್ಯೆ. ಆದರೆ ಅದು ಬೇರೆಯೇ ವಿದ್ಯೆ. ತೆಂಗಿನ ಮರ ಹತ್ತುವವನನ್ನು ಎತ್ತರ ಜಿಗಿತದ ದಾಖಲೆಯ ಪಕ್ಕದಲ್ಲಿ ನಿಲ್ಲಿಸಿದರೆ ಇಬ್ಬರಿಗೂ ಅವಮಾನ.

ಇದನ್ನೆಲ್ಲ ಕಂಡುಹಿಡಿಯಲು ವಿಜ್ಞಾನಿ ಬೇಕಿರಲಿಲ್ಲ. ಎಂಟನೆಯ ತರಗತಿಯ ಗಣಿತವೂ ಒಂದು ದೂರವಾಣಿ ಕರೆಯೂ ಸಾಕಿತ್ತು. ನನ್ನ ತಕರಾರು ಇರುವುದು ಇಲ್ಲಿ. ಡಿಜಿಟಲ್ ಕಾಲದ ಕ್ರೀಡಾ ಪತ್ರಿಕೋದ್ಯಮ ಕಲಿಯಬೇಕು ಎಂದು ಬರುವ ಮಕ್ಕಳು ಮೊದಲು ಕೇಳುವುದು ಯಾವ ಆ್ಯಪ್‌ನಲ್ಲಿ ವಿಡಿಯೊ ಎಡಿಟ್ ಮಾಡಬೇಕು, ಶೀರ್ಷಿಕೆಯಲ್ಲಿ ಯಾವ ಪದ ಇದ್ದರೆ ಗೂಗಲ್ ಮೇಲಕ್ಕೆ ತರುತ್ತದೆ ಎಂದು. ಅದೂ ಬೇಕು, ಬೇಡವೆಂದಲ್ಲ. ಆದರೆ 2020ರ ಫೆಬ್ರವರಿಯಲ್ಲಿ ಆ ಜಾಣ್ಮೆ ಎಲ್ಲರಲ್ಲೂ ಬೇಕಾದಷ್ಟಿತ್ತು. ಇಲ್ಲದ್ದು ಕರೆಯ ಉದ್ದ ಅಳೆದವರು ಯಾರು ಎಂದು ಕೇಳುವ ಮನುಷ್ಯ.

ಕರೆಯ ಬದಿಯಲ್ಲಿ ನಿಂತವನಿಗೆ ಗೊತ್ತಿರಬೇಕಾದ ಸಂಗತಿಗಳು ಬೇರೆ. ಕಂಬಳವೆಂದರೆ ಒಂದೇ ಓಟವಲ್ಲ. ನೇಗಿಲು, ಹಗ್ಗ, ಅಡ್ಡ ಹಲಗೆ, ಕನೆ ಹಲಗೆ ಎಂಬ ವಿಭಾಗಗಳಿವೆ. ನೇಗಿಲಿನಲ್ಲೂ ಹಗ್ಗದಲ್ಲೂ ಕಿರಿಯ, ಹಿರಿಯ ಎಂಬ ಒಳಭೇದವಿದೆ. ಕನೆ ಹಲಗೆಯಲ್ಲಿ ಓಡಿಸುವವನು ಓಡುವುದೇ ಇಲ್ಲ, ಹಲಗೆಯ ಮೇಲೆ ನಿಲ್ಲುತ್ತಾನೆ. ಅಲ್ಲಿ ಗೆಲುವು ತೀರ್ಮಾನವಾಗುವುದು ಹಲಗೆಯ ತೂತಿನಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಗೆ, ಆರೂವರೆ ಕೋಲಿಗೋ ಏಳೂವರೆ ಕೋಲಿಗೋ, ಮುಟ್ಟಿತೇ ಎಂಬುದರಿಂದ. ಗಡಿಯಾರಕ್ಕೆ ಅಲ್ಲಿ ಕೆಲಸವಿಲ್ಲ. ಹೊರಗಿನಿಂದ ಬಂದ ವರದಿಗಾರ ಇದನ್ನು ತಿಳಿಯದೆ 'ಕೋಣಗಳ ರೇಸು' ಎಂದು ಒಂದೇ ಗೋಣಿಗೆ ತುಂಬಿದರೆ, ಊರಿನವರು ಪತ್ರಿಕೆ ಮಡಚಿಟ್ಟು ನಗುತ್ತಾರೆ.

ಫಲಿತಾಂಶದ ಪಟ್ಟಿ ನೋಡಿ. ಮೊದಲು ಬರುವುದು ಕೋಣಗಳ ಯಜಮಾನರ ಹೆಸರು, ಓಡಿಸಿದವರ ಹೆಸರು ಅದರ ಕೆಳಗೆ. ಓಡಿದವನ ಹೆಸರು ಶೀರ್ಷಿಕೆಯಾಗುವುದು ಹೊರಗಿನವರ ಕಣ್ಣಿನ ಅಭ್ಯಾಸ, ಕುದುರೆ ರೇಸಿನ ಜಾಕಿಯನ್ನು ನೋಡಿ ಬಂದದ್ದು. ಊರಿನ ಕಣ್ಣಿಗೆ ಗೆದ್ದದ್ದು ಒಂದು ಮನೆಯ ಜೋಡಿ. ಎರಡರಲ್ಲಿ ಯಾವುದು ಸರಿ ಎಂದು ನಾನು ತೀರ್ಪು ಕೊಡಲಾರೆ. ದುಡಿದವನ ಹೆಸರು ಮೇಲೆ ಬಂದದ್ದು ನನಗೆ ಖುಷಿಯೇ. ಆದರೆ ವರದಿ ಬರೆಯುವವನಿಗೆ ತಾನು ಯಾವ ಕಣ್ಣಿನಿಂದ ನೋಡುತ್ತಿದ್ದೇನೆ ಎಂಬ ಎಚ್ಚರ ಇರಬೇಕು.

ಕರೆಗಳ ಹೆಸರೂ ಹಾಗೆಯೇ. ವೇಣೂರಿನದು ಸೂರ್ಯ-ಚಂದ್ರ, ಮೂಡುಬಿದಿರೆ ಕಡಲಕೆರೆಯದು ಕೋಟಿ-ಚೆನ್ನಯ, ಬಂಟ್ವಾಳ ತಾಲ್ಲೂಕಿನ ಕಕ್ಯಪದವಿನದು ಸತ್ಯ-ಧರ್ಮ, ಬಂಟ್ವಾಳದಲ್ಲೇ ಮೂಡೂರು-ಪಡೂರು. ಇವು ಬರೀ ಅಲಂಕಾರದ ಹೆಸರುಗಳಲ್ಲ. ಜೋಡುಕರೆಯಲ್ಲಿ ಎರಡು ಜೋಡಿ ಏಕಕಾಲಕ್ಕೆ ಓಡುತ್ತವೆ, ಯಾವುದು ಯಾವ ಕರೆಯಲ್ಲಿ ಗೆದ್ದಿತು ಎಂದು ಮೈಕಿನಲ್ಲಿ ವೀಕ್ಷಕ ವಿವರಣೆಯವರು ಹೇಳುವುದು ಈ ಹೆಸರು ಹಿಡಿದೇ. ಸದ್ದಿನಲ್ಲಿ ನಿಂತು ಅದನ್ನು ಸರಿಯಾಗಿ ಕೇಳಿಸಿಕೊಂಡು ಬರೆದುಕೊಳ್ಳುವುದೇ ಒಂದು ಕೌಶಲ. ತುಳುವಿನ ಮಾತಿನ ವೇಗಕ್ಕೆ ಕನ್ನಡದ ಪೆನ್ನು ಓಡಬೇಕು.

ಕರೆಯ ಉದ್ದದ ಮಾತಿಗೆ ಬರುತ್ತೇನೆ. 2020ರಲ್ಲಿ ವೇಣೂರಿನಿಂದ ಬಂದ ವರದಿಗಳಲ್ಲಿ ಉದ್ದ 143 ಮೀಟರು. 2021ರ ಋತುವಿನಲ್ಲಿ ಅದೇ ವೇಣೂರು-ಪೆರ್ಮುಡದ ಸೂರ್ಯ-ಚಂದ್ರ ಕಂಬಳದಲ್ಲಿ ಶ್ರೀನಿವಾಸ ಗೌಡರು 11.21 ಸೆಕೆಂಡಿನಲ್ಲಿ ಓಡಿದ್ದು 125 ಮೀಟರು ಎಂದು ವರದಿಯಾಯಿತು. ಭಾಗಿಸಿ 8.96 ಎಂದು ಹಾಕಿದರು. ಅದೇ ಋತುವಿನಲ್ಲಿ ಕಕ್ಯಪದವಿನ ಓಟಕ್ಕೆ 8.78 ಎಂಬ ಅಂಕಿ ಬಂತು. ವೇಣೂರನ್ನೇ ನೋಡಿ: ಒಂದೇ ಹೆಸರಿನ ಕಂಬಳ, ಒಂದು ವರ್ಷದ ಅಂತರ, ಹದಿನೆಂಟು ಮೀಟರಿನ ವ್ಯತ್ಯಾಸ. ಓಟ ಶುರುವಾಗುವ ಗಂತಿನಿಂದ ಮುಗಿಯುವ ಮಂಜೊಟ್ಟಿಯವರೆಗೆ ಅಳೆದದ್ದೋ, ನಡುವೆ ಗೆರೆ ಹಾಕಿದ್ದೋ, ಗಡಿಯಾರ ಯಾವ ಬಿಂದುವಿನಲ್ಲಿ ಶುರುವಾಯಿತು ಎಂಬ ಒಂದು ಸಾಲು ಇಂಥ ವರದಿಗೆ ಪ್ರಾಣ. ಕೋಣಗಳು ಆಗಲೇ ವೇಗ ಹಿಡಿದ ಜಾಗದಲ್ಲಿ ಗಡಿಯಾರ ಶುರುವಾದರೆ ಅದು ಬೋಲ್ಟ್‌ನ 8.70ರ ಜಾತಿಯ ಅಂಕಿ, 9.58ರ ಜಾತಿಯದ್ದಲ್ಲ. 8.96 ಎಂದು ಬರೆಯುವುದು ಎರಡು ನಿಮಿಷದ ಕೆಲಸ. ಗಡಿಯಾರ ಎಲ್ಲಿ ಶುರುವಾಯಿತು ಎಂಬ ಸಾಲು ಬರೆಯಲು ಭಾನುವಾರ ಬೆಳಿಗ್ಗೆ ಕೆಸರಿಗೆ ಇಳಿಯಬೇಕು.

ಮುಂದೆ 2022ರಲ್ಲಿ ಈ ದಾಖಲೆಗಳ ಸಮಯವನ್ನೇ ಪ್ರಶ್ನಿಸಿ ಮೂಡುಬಿದಿರೆಯಲ್ಲಿ ಪೊಲೀಸರಿಗೆ ದೂರು ಹೋಯಿತು, ಆರೋಪ ಹೊತ್ತವರು ಅಲ್ಲಗಳೆದರು. ದೂರು ಕೊಟ್ಟ ಮಾತ್ರಕ್ಕೆ ತಪ್ಪು ಸಾಬೀತಾಗುವುದಿಲ್ಲ. ನಾನು ಇದನ್ನು ಇಲ್ಲಿ ತಂದದ್ದು ಬೇರೆ ಕಾರಣಕ್ಕೆ. ದಾಖಲೆಯ ಅಂಕಿಯನ್ನು ಹಾಡಿ ಹೊಗಳಿದ ವರದಿಗಾರನ ಬಳಿ ಆ ದಿನದ ಟಿಪ್ಪಣಿ ಪುಸ್ತಕ ಇದ್ದರೆ, ಅಳತೆ ಯಾರದು, ಯಂತ್ರ ಯಾರದು, ತೀರ್ಪುಗಾರರು ಏನು ಹೇಳಿದರು ಎಂದು ಅದರಲ್ಲಿ ಬರೆದಿದ್ದರೆ, ಎರಡು ವರ್ಷದ ನಂತರ ಆ ಪುಸ್ತಕ ತೆರೆದು ಮಾತಾಡಬಹುದಿತ್ತು. ಬರೀ ಫಾರ್ವರ್ಡ್ ಮಾಡಿದವನ ಬಳಿ ಫಾರ್ವರ್ಡ್ ಮಾತ್ರ ಉಳಿದಿರುತ್ತದೆ.

ಇಷ್ಟಾದ ಮೇಲೆ ಮಕ್ಕಳು ಕೇಳುತ್ತಾರೆ: ಸರ್, ಗಡಿಯಾರ ನಮ್ಮ ಕೈಯಲ್ಲಿ ಇಲ್ಲವಲ್ಲ? ಇದೆ. ಮೊಬೈಲಿನ ವಿಡಿಯೊ ಸಾಮಾನ್ಯವಾಗಿ ಸೆಕೆಂಡಿಗೆ ಮೂವತ್ತು ಚಿತ್ರ ಹಿಡಿಯುತ್ತದೆ. 13.62 ಸೆಕೆಂಡಿನ ಓಟವೆಂದರೆ ನಾನೂರ ಎಂಟೋ ಒಂಬತ್ತೋ ಚಿತ್ರಗಳು. ಆರಂಭವೂ ಅಂತ್ಯವೂ ಒಂದೇ ಚೌಕಟ್ಟಿನಲ್ಲಿ ಕಾಣುವ ಹಾಗೆ ದೂರದಲ್ಲಿ ಮೊಬೈಲನ್ನು ಅಲುಗಾಡದಂತೆ ನಿಲ್ಲಿಸಿ, ಆಮೇಲೆ ಒಂದೊಂದೇ ಚಿತ್ರ ಮುಂದೂಡುತ್ತ ಎಣಿಸಿದರೆ ಸೆಕೆಂಡಿನ ಮೂವತ್ತನೆಯ ಒಂದು ಭಾಗದ ಹತ್ತಿರಕ್ಕೆ ಸಮಯ ಸಿಗುತ್ತದೆ. ಅರವತ್ತು ಚಿತ್ರಕ್ಕೆ ಇಟ್ಟರೆ ಇನ್ನೂ ಹತ್ತಿರ. ಸ್ಟಾಪ್‌ವಾಚನ್ನು ಬೆರಳಿನಿಂದ ಒತ್ತಿದ್ದಕ್ಕಿಂತ ಇದು ಎಷ್ಟೋ ಮೇಲು. ಬೆರಳು ತಡವಾಗಿ ಎಚ್ಚರಗೊಳ್ಳುತ್ತದೆ ಎಂದೇ ಅಥ್ಲೆಟಿಕ್ಸಿನಲ್ಲಿ ಕೈಗಡಿಯಾರದ ನೂರು ಮೀಟರಿನ ಸಮಯವನ್ನು ವಿದ್ಯುನ್ಮಾನ ಸಮಯಕ್ಕೆ ಹೋಲಿಸುವಾಗ 0.24 ಸೆಕೆಂಡು ಸೇರಿಸುವ ಪದ್ಧತಿ ಇದೆ. ದಾಖಲೆಗಳನ್ನು ಸೆಕೆಂಡಿನ ನೂರರ ಲೆಕ್ಕದಲ್ಲಿ ಅಳೆಯುವ ಜಗತ್ತಿನಲ್ಲಿ 0.24 ಎಂದರೆ ಒಂದು ತಲೆಮಾರಿನ ಅಂತರ.

ಆದರೆ ಮೂಲ ವಿಡಿಯೊ ಬೇಕು. ವಾಟ್ಸ್‌ಆ್ಯಪಿನಲ್ಲಿ ಬಂದದ್ದು ಹಿಂಡಿ ತೆಗೆದ ಕಬ್ಬಿನ ಹಾಗೆ, ಚಿತ್ರಗಳ ಸಂಖ್ಯೆ ಬದಲಾಗಿರಬಹುದು, ತೆಗೆದ ದಿನಾಂಕ ಮತ್ತು ಜಾಗದ ವಿವರ ಕಳಚಿಹೋಗಿರುತ್ತದೆ. ವಿಡಿಯೊ ತೆಗೆದವನನ್ನು ಹುಡುಕಿ, ಅವನ ಮೊಬೈಲಿನಿಂದಲೇ ಕೇಬಲ್ ಹಾಕಿಯೋ ಮೇಲ್ ಮೂಲಕವೋ ಮೂಲ ಕಡತ ಪಡೆಯುವುದು, ಅವನ ಅನುಮತಿ ಕೇಳಿ ಹೆಸರು ಹಾಕುವುದು, ಎರಡೂ ಒಂದೇ ಭೇಟಿಯಲ್ಲಿ ಮುಗಿಯುವ ಕೆಲಸ. ಹೆಚ್ಚಿನವರು ಎರಡನ್ನೂ ಮಾಡುವುದಿಲ್ಲ. ಹೋದ ವರ್ಷದ ಕಂಬಳದ ಚಿತ್ರ ಈ ವರ್ಷದ ಗೆಲುವಿಗೆ ಅಂಟಿಕೊಂಡು ಬರುವುದನ್ನು ನಾನು ಕಂಡಿದ್ದೇನೆ. ಕೋಣಕ್ಕೆ ಗೊತ್ತಾಗುವುದಿಲ್ಲ, ಯಜಮಾನರಿಗೆ ಗೊತ್ತಾಗುತ್ತದೆ. ಬೆಳಿಗ್ಗೆ ಆರಕ್ಕೇ ಫೋನು ಬರುತ್ತದೆ.

ಹಿಂದೆ ಪತ್ರಿಕೆಗೆ ಒಂದು ಸಂಕಟವಿತ್ತು. ಕಂಬಳ ಶನಿವಾರ ಬೆಳಿಗ್ಗೆ ಶುರುವಾಗುತ್ತದೆ, ರಾತ್ರಿಯಿಡೀ ಹೊನಲು ಬೆಳಕಿನಲ್ಲಿ ನಡೆಯುತ್ತದೆ, ಫೈನಲ್ ಮುಗಿಯುವಾಗ ಭಾನುವಾರದ ಬಿಸಿಲು ಏರಿರುತ್ತದೆ. ನಮ್ಮ ಪುಟ ನಡುರಾತ್ರಿಯೊಳಗೆ ಅಚ್ಚಿಗೆ ಹೋಗಬೇಕು. ಹಾಗಾಗಿ ಭಾನುವಾರದ ಪತ್ರಿಕೆಯಲ್ಲಿ ಉದ್ಘಾಟನೆಯ ಫೋಟೊ, ದೀಪ ಬೆಳಗಿಸುತ್ತಿರುವ ಗಣ್ಯರು, ಅವರ ಹಿಂದೆ ಇನ್ನಷ್ಟು ಗಣ್ಯರು. ಓಟದ ಫಲಿತಾಂಶ ಸೋಮವಾರ. ಓದುಗರಿಗೆ ಗಣ್ಯರ ಮುಖ ನೋಡಿ ನೋಡಿ ಕೋಣಗಳೇ ಚೆಂದ ಅನ್ನಿಸುತ್ತಿತ್ತು. ಡಿಜಿಟಲ್ ಬಂದು ಮಾಡಿದ ನಿಜವಾದ ಉಪಕಾರ ಇದು: ರಾತ್ರಿ ಎರಡು ಗಂಟೆಗೂ ವರದಿಗೆ ಜಾಗವಿದೆ. ಊರಿನ ಹುಡುಗರು ಯೂಟ್ಯೂಬಿನಲ್ಲಿ ನೇರ ಪ್ರಸಾರ ಮಾಡುತ್ತಾರೆ, ದುಬೈಯಲ್ಲೋ ಮುಂಬೈಯಲ್ಲೋ ಇರುವ ಮನೆಯ ಮಗ ತನ್ನ ಮನೆಯ ಕೋಣಗಳನ್ನು ಅಲ್ಲಿಂದಲೇ ನೋಡುತ್ತಾನೆ.

ಹೀಗಿರುವಾಗ ಗೆದ್ದದ್ದು ಯಾರು ಎಂದಷ್ಟೇ ಬರೆಯುವ ವರದಿ ಯಾರಿಗೆ ಬೇಕು? ಅದನ್ನು ಅವನು ಆಗಲೇ ನೋಡಿದ್ದಾನೆ. ಸೋಮವಾರದ ಓದುಗನಿಗೆ ಬೇಕಾದದ್ದು ನೇರ ಪ್ರಸಾರದಲ್ಲಿ ಕಾಣದ್ದು. ಸೆಮಿಫೈನಲಿನಲ್ಲಿ ಆ ಜೋಡಿಯನ್ನು ಯಾಕೆ ಇನ್ನೊಮ್ಮೆ ಬಿಟ್ಟರು? ಹೋದ ಸಲ ಇದೇ ಕರೆಯಲ್ಲಿ ಇದೇ ಜೋಡಿ ಎಷ್ಟು ಸಮಯ ತೆಗೆದುಕೊಂಡಿತ್ತು? ಬೋಲ್ಟ್‌ಗೆ ಹೋಲಿಸುವುದಕ್ಕಿಂತ ಈ ಹೋಲಿಕೆ ಸಾವಿರ ಪಾಲು ಮೇಲು, ಆದರೆ ಅದಕ್ಕೆ ಹಿಂದಿನ ವರ್ಷದ ಲೆಕ್ಕ ಬರೆದಿಟ್ಟಿರಬೇಕು. ಒಂದು ಎಕ್ಸೆಲ್ ಹಾಳೆ ಸಾಕು. ಋತುವಿನುದ್ದಕ್ಕೂ ಪ್ರತಿ ಕಂಬಳದ ದಿನಾಂಕ, ಕರೆ, ವಿಭಾಗ, ಯಜಮಾನರು, ಓಡಿಸಿದವರು, ಸಮಯ ತುಂಬಿಸಿಟ್ಟ ಒಬ್ಬ ವಿದ್ಯಾರ್ಥಿಗೆ ಮೂರನೆಯ ವರ್ಷದಲ್ಲಿ ಜಿಲ್ಲೆಯ ಯಾವ ಹಿರಿಯ ವರದಿಗಾರನೂ ಸಾಟಿಯಾಗಲಾರ.

ಕಾನೂನೂ ಗೊತ್ತಿರಬೇಕು. 2014ರ ಮೇ 7ರ ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ ಕಂಬಳ ನಿಂತದ್ದು, 2017ರಲ್ಲಿ ರಾಜ್ಯ ತಿದ್ದುಪಡಿ ತಂದದ್ದು, 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿದದ್ದು, ಇವು ಕ್ರೀಡಾ ವರದಿಗಾರನ ಕಿಸೆಯಲ್ಲಿರಬೇಕಾದ ದಿನಾಂಕಗಳು. ಪ್ರಶ್ನೆ ಪ್ರಾಣಿಹಿಂಸೆಯದ್ದಾದ್ದರಿಂದ, ಬೆತ್ತ ಎಷ್ಟು ಸಲ ಎದ್ದಿತು ಎಂದು ನೋಡುವುದೂ ಓಟ ನೋಡುವುದರ ಭಾಗ. ಅದನ್ನು ಬರೆದರೆ ಊರಿನವರು ಮುನಿಯುತ್ತಾರೆ, ಬರೆಯದಿದ್ದರೆ ಹೊರಗಿನವರು ನಂಬುವುದಿಲ್ಲ. ಮುನಿಸಿಕೊಂಡವರ ಮನೆಯಲ್ಲಿ ಮರುವಾರ ಚಹಾ ಕುಡಿಯುವುದನ್ನು ಯಾವ ಕೋರ್ಸೂ ಕಲಿಸುವುದಿಲ್ಲ.

2020ರ ಆ ಇಡೀ ಗದ್ದಲದಲ್ಲಿ ಅತ್ಯಂತ ತೂಕದ ಮಾತು ಆಡಿದ್ದು ಓಡಿದವರೇ. ಕಂಬಳದಲ್ಲಿ ಹಿಮ್ಮಡಿಯ ಬಲ, ಟ್ರ್ಯಾಕಿನಲ್ಲಿ ಮುಂಗಾಲಿನ ಬಲ, ಎರಡೂ ಬೇರೆ ಎಂದು ಶ್ರೀನಿವಾಸ ಗೌಡರು ಹೇಳಿದರು. ಬೋಲ್ಟ್ ವಿಶ್ವ ಚಾಂಪಿಯನ್, ತಾನು ಕೆಸರು ಗದ್ದೆಯಲ್ಲಿ ಓಡುವವನು ಎಂದರು, ಓಟದ ಯಶಸ್ಸನ್ನು ಕೋಣಗಳ ಜತೆ ಹಂಚಿಕೊಂಡರು. ಸಾಯ್‌ನ ಪರೀಕ್ಷೆಗೆ ನಿಲ್ಲಲಿಲ್ಲ. ಸಚಿವರಿಗೆ, ಉದ್ಯಮಿಗಳಿಗೆ, ಸಂಪಾದಕರಿಗೆ ಹೊಳೆಯದ ಬಯೋಮೆಕ್ಯಾನಿಕ್ಸು ಕಟ್ಟಡ ಕೆಲಸ ಮಾಡಿಕೊಂಡಿದ್ದ ಆ ಮನುಷ್ಯನಿಗೆ ತನ್ನ ಅಂಗಾಲಿನಿಂದಲೇ ಗೊತ್ತಿತ್ತು. ಆ ಮಾತು ಹೊರಬಂದದ್ದು ಯಾರೋ ಒಬ್ಬರು 'ನೀವು ಹೇಗೆ ಓಡುತ್ತೀರಿ' ಎಂದು ಕೇಳಿದ್ದರಿಂದ. 'ಬೋಲ್ಟ್‌ಗಿಂತ ವೇಗವಾಗಿ ಓಡಿ ಹೇಗೆ ಅನ್ನಿಸುತ್ತಿದೆ' ಎಂದು ಕೇಳಿದವರಿಗೆ ಸಿಕ್ಕಿದ್ದು ನಾಚಿಕೆಯ ನಗು.

ಪ್ರಶ್ನೆ ಕೇಳುವ ಭಾಷೆಯೂ ಇಲ್ಲಿ ಮುಖ್ಯ. ಓಡುವವರು ತುಳುವಿನಲ್ಲಿ ಯೋಚಿಸುತ್ತಾರೆ. ಮೈಕು ಹಿಡಿದು ಪುಸ್ತಕದ ಕನ್ನಡದಲ್ಲಿ ಕೇಳಿದರೆ ಪುಸ್ತಕದ ಕನ್ನಡದಲ್ಲೇ ಉತ್ತರ ಬರುತ್ತದೆ: ಎಲ್ಲರ ಸಹಕಾರ, ದೇವರ ದಯೆ, ಊರಿನವರ ಪ್ರೋತ್ಸಾಹ. ಕೋಣಗಳಿಗೆ ನೀರು ಹೊಯ್ಯುವ ಹೊತ್ತಿಗೆ ಪಕ್ಕದಲ್ಲಿ ಕುಳಿತು ತುಳುವಿನಲ್ಲಿ ಮಾತಿಗೆ ಇಳಿದರೆ ಹಿಮ್ಮಡಿಯ ಮಾತು ಬರುತ್ತದೆ. ಅದನ್ನು ಕನ್ನಡಕ್ಕೆ ತರುವಾಗ ಅರ್ಧ ಸತ್ವ ಸೋರಿಹೋಗದಂತೆ ನೋಡಿಕೊಳ್ಳುವುದು ನಮ್ಮ ಜಿಲ್ಲೆಯ ವರದಿಗಾರರ ವಿಶೇಷ ಕಸುಬು. ಬೆಂಗಳೂರಿನ ಯಾವ ತರಬೇತಿಯಲ್ಲೂ ಇದು ಸಿಗುವುದಿಲ್ಲ. ಈಗ ಯಂತ್ರವೇ ಅನುವಾದ ಮಾಡುತ್ತದೆ, ಪ್ರಕಟಣೆ ಹಾಕಿದರೆ ಸುದ್ದಿಯನ್ನೂ ಬರೆದುಕೊಡುತ್ತದೆ. ಆದರೆ ಜೋಡುಕರೆಯ 'ಕರೆ'ಯನ್ನು ದೂರವಾಣಿಯ 'ಕರೆ' ಎಂದು ತಿಳಿಯದಂತೆ ಕಾಯುವ ಕೆಲಸ ಇನ್ನೂ ನಮ್ಮದೇ.

ಶ್ರೀನಿವಾಸ ಗೌಡರು ಆ ಪರೀಕ್ಷೆ ಬೇಡ ಎಂದದ್ದು ಎಷ್ಟು ದೊಡ್ಡ ವಿವೇಕ ಎಂದು ತಿಳಿಯಲು ಆರು ತಿಂಗಳು ಹಿಂದಕ್ಕೆ ಹೋಗಬೇಕು. 2019ರ ಆಗಸ್ಟಿನಲ್ಲಿ ಮಧ್ಯಪ್ರದೇಶದ ಒಬ್ಬ ಹಳ್ಳಿ ಯುವಕ ಬರಿಗಾಲಿನಲ್ಲಿ ನೂರು ಮೀಟರನ್ನು 11 ಸೆಕೆಂಡಿನಲ್ಲಿ ಓಡಿದ ಎಂಬ ವಿಡಿಯೊ ಹೀಗೆಯೇ ಹಬ್ಬಿತ್ತು. ಇದೇ ಸಚಿವರು ಕರೆಸಿದರು. ಭೋಪಾಲದ ಟಿ.ಟಿ. ನಗರ ಕ್ರೀಡಾಂಗಣದಲ್ಲಿ ಕ್ಯಾಮೆರಾಗಳ ಮುಂದೆ ಪರೀಕ್ಷೆ ನಡೆಯಿತು. ಅವನು 12.9 ಸೆಕೆಂಡಿನಲ್ಲಿ, ಎಲ್ಲರಿಗಿಂತ ಹಿಂದೆ ಬಂದ. ಆ ವಿಡಿಯೊವೂ ಹಬ್ಬಿತು. ರಸ್ತೆಯ ಉದ್ದ ಅಳೆಯದೆ ಶೀರ್ಷಿಕೆ ಕೊಟ್ಟವರು ಯಾರೂ ಅವನ ಜತೆ ಟ್ರ್ಯಾಕಿಗೆ ಇಳಿದಿರಲಿಲ್ಲ.

ಮೂಡುಬಿದಿರೆಯ ಇನ್ನೊಂದು ಸಂಗತಿ ನನ್ನನ್ನು ಕಾಡುತ್ತಲೇ ಇದೆ. ಐಕಳದ ಆ ಓಟಕ್ಕೆ ಸರಿಯಾಗಿ ಒಂದು ತಿಂಗಳ ಮುಂಚೆ, 2020ರ ಜನವರಿ ಮೊದಲ ವಾರ, ಮೂಡುಬಿದಿರೆಯ ಸ್ವರಾಜ್ಯ ಮೈದಾನದ ಸಿಂಥೆಟಿಕ್ ಟ್ರ್ಯಾಕಿನಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ನಡೆಯಿತು. ದೇಶದ ಮೂಲೆಮೂಲೆಯ ವಿಶ್ವವಿದ್ಯಾಲಯಗಳ ಹುಡುಗ ಹುಡುಗಿಯರು, ಅಳೆದು ಗೆರೆ ಹಾಕಿದ ಟ್ರ್ಯಾಕಿನಲ್ಲಿ, ಅಧಿಕೃತ ಗಡಿಯಾರದ ಮುಂದೆ ಓಡಿದರು. ನಿಜವಾದ ನೂರು ಮೀಟರು ಅಲ್ಲಿ ನಡೆದಿತ್ತು. ಅಲ್ಲಿ ಗೆದ್ದವರ ಹೆಸರು ಕೇಳಿ ನೋಡಿ, ಮೂಡುಬಿದಿರೆಯ ಪೇಟೆಯಲ್ಲೇ ಹೇಳುವವರು ಸಿಗಲಿಕ್ಕಿಲ್ಲ. ಆ ಹೊತ್ತಿಗೆ ಭಾರತದ ರಾಷ್ಟ್ರೀಯ ದಾಖಲೆ 10.26 ಸೆಕೆಂಡು, ಅಮಿಯ ಕುಮಾರ್ ಮಲ್ಲಿಕ್ ಅವರದು. 2023ರಲ್ಲಿ ಬೆಂಗಳೂರಿನಲ್ಲಿ 10.23 ಓಡಿ ರಾಷ್ಟ್ರೀಯ ದಾಖಲೆ ಬರೆದವರು ನಮ್ಮದೇ ಕರ್ನಾಟಕದ ಮಣಿಕಂಠ ಹೋಬಳಿದಾರ್. 9.55 ಬಾಯಿಪಾಠವಿರುವ ತರಗತಿಯಲ್ಲಿ ಈ ಹೆಸರು ಹೇಳಿದಾಗ ಮಕ್ಕಳು ಮುಖ ಮುಖ ನೋಡಿಕೊಂಡರು. 10.26ನ್ನು ನೆನಪಿನಲ್ಲಿ ಇಟ್ಟುಕೊಂಡವನಿಗೆ 9.55 ಕೇಳಿದ ತಕ್ಷಣ ಸಂಶಯ ಬರುತ್ತದೆ. ಸಂಶಯಕ್ಕೂ ಒಂದಿಷ್ಟು ಬಂಡವಾಳ ಬೇಕು.

ಮೂಡುಬಿದಿರೆಯ ಆಳ್ವಾಸ್‌ನಲ್ಲಾಗಲಿ ಉಜಿರೆಯ ಎಸ್‌ಡಿಎಮ್‌ನಲ್ಲಾಗಲಿ ಪತ್ರಿಕೋದ್ಯಮ ವಿಭಾಗವೂ ಕ್ರೀಡಾಪಟುಗಳೂ ಒಂದೇ ಆವರಣದಲ್ಲಿ ಇದ್ದಾರೆ. ಇಂಥ ಅನುಕೂಲ ದೊಡ್ಡ ನಗರಗಳ ಕಾಲೇಜುಗಳಿಗೂ ಅಪರೂಪ. ಬೆಳಿಗ್ಗೆ ಐದೂವರೆಗೆ ಎದ್ದು ಅಭ್ಯಾಸ ನೋಡಲು ಹೋಗುವ ಪತ್ರಿಕೋದ್ಯಮದ ವಿದ್ಯಾರ್ಥಿಗೆ ಒಂದು ಸೆಮಿಸ್ಟರಿನಲ್ಲಿ ಸಿಗುವ ತಿಳಿವಳಿಕೆ ಬೇರೆಲ್ಲೂ ಸಿಗದು. ತರಬೇತುದಾರರು ಮೊದಲ ವಾರ ಮಾತಾಡುವುದಿಲ್ಲ, ಎರಡನೆಯ ವಾರ ನಗುತ್ತಾರೆ, ಮೂರನೆಯ ವಾರ ಅವರೇ ಕರೆದು ಆ ಹುಡುಗಿಯ ಕಾಲು ನೋಡು ಎನ್ನುತ್ತಾರೆ.

ಊರಿನ ಉಳಿದ ಆಟಗಳಿಗೂ ಇದೇ ಮಾತು. ಅಂಡರ್ ಆರ್ಮ್ ಕ್ರಿಕೆಟ್ ಪಂದ್ಯಾಟದ ವರದಿಯಲ್ಲಿ ಪ್ರಾಯೋಜಕರ ಹೆಸರು ಹತ್ತು ಸಾಲು, ಅಂಕ ಅರ್ಧ ಸಾಲು. ಈಗ ಕ್ರಿಕ್‌ಹೀರೋಸ್‌ನಂಥ ಆ್ಯಪಿನಲ್ಲಿ ಊರಿನ ಹುಡುಗರೇ ಚೆಂಡು ಚೆಂಡಿಗೂ ಲೆಕ್ಕ ತುಂಬುತ್ತಾರೆ, ವರದಿಗಾರ ಅದನ್ನು ತೆರೆದೂ ನೋಡುವುದಿಲ್ಲ. ಕಬಡ್ಡಿಯಲ್ಲಿ ರೈಡಿನ ಅಂಕ, ಟ್ಯಾಕಲಿನ ಅಂಕ ಬೇರೆ ಬೇರೆ ಬರೆದಿಟ್ಟರೆ ಪಂದ್ಯ ಎಲ್ಲಿ ತಿರುಗಿತು ಎಂದು ಕಾಗದವೇ ಹೇಳುತ್ತದೆ.

ಕಳೆದ ಋತುವಿನಲ್ಲಿ ಒಂದು ಕಂಬಳದ ಮುನ್ನಾದಿನ ಸಂಜೆ ಕರೆಯ ಬಳಿ ಹೋಗಿದ್ದೆ. ಯಾವ ಊರು ಎಂದು ಹೇಳುವುದಿಲ್ಲ, ಆ ಹುಡುಗನಿಗೆ ಮುಜುಗರವಾದೀತು. ನನ್ನ ತರಗತಿಯಲ್ಲಿ ಕುಳಿತಿದ್ದವನೇ, ಪ್ಯಾಂಟು ಮೊಣಕಾಲಿನವರೆಗೆ ಮಡಚಿ ಮೇಸ್ತ್ರಿಗಳ ಮೂವತ್ತು ಮೀಟರಿನ ಟೇಪು ಹಿಡಿದು ಕೆಸರಿನ ಅಂಚಿನಲ್ಲಿ ನಡೆಯುತ್ತಿದ್ದ. ಇನ್ನೊಂದು ತುದಿ ಅವನ ತಂಗಿಯ ಕೈಯಲ್ಲಿ. ದಂಡೆಯ ಮೇಲಿದ್ದ ಹಿರಿಯರೊಬ್ಬರು ಎಲೆಯಡಿಕೆ ಜಗಿಯುತ್ತ ಕೇಳಿದರು: 'ಎಂತ ಮಾರಾಯ, ಕರೆ ಮಾರ್ಲಿಕ್ಕುಂಟಾ?'

ಹುಡುಗ ನಕ್ಕು ಕೆಲಸ ಮುಂದುವರಿಸಿದ. ಟೇಪು ಪ್ರತಿ ಮೂವತ್ತು ಮೀಟರಿಗೆ ಮುಗಿಯುತ್ತಿತ್ತು, ಅಲ್ಲಿ ಒಂದು ಕೋಲು ನೆಟ್ಟು ಮತ್ತೆ ಶುರು. ಕತ್ತಲಾಗುವ ಹೊತ್ತಿಗೆ ಮೇಲೆ ಬಂದ. ಎಷ್ಟಾಯಿತು ಎಂದೆ.

'ಎರಡು ಸಲ ಅಳೆದೆ ಸರ್. ಎರಡು ಉತ್ತರ ಬಂತು. ಎರಡನ್ನೂ ಬರ್ಕೊಂಡಿದ್ದೇನೆ. ನಾಳೆ ಕೋಣ ಬಿಡುವ ಮೊದಲು ಸಮಿತಿಯವರ ಹತ್ರ ಅವರದ್ದು ಎಷ್ಟು ಅಂತ ಕೇಳ್ಬೇಕು.'